ಬೋಟಿ, ರಕ್ತದ ಪಲ್ಯ, ಏಡಿ, ಚಗಳಿ ಚಟ್ನಿ: ಕಿಡ್ನಿ ತೊಂದರೆ ಇರುವವರು ಯಾವುದು ತಿನ್ನಬಹುದು, ಎಷ್ಟು ತಿನ್ನಬಹುದು

ಯುಗಾದಿ ಮರುದಿನದ ಹೊಸತೊಡಕು ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ನಾನಾ ವೇಷದಲ್ಲಿ ಬರುತ್ತದೆ. "ಅಪ್ಪನಿಗೆ ಕ್ರಿಯಾಟಿನಿನ್ ಜಾಸ್ತಿ ಇದೆ, ತಲೆಮಾಂಸ ಕೊಡಬಹುದಾ?" "ಡಯಾಲಿಸಿಸ್ ಆಗುತ್ತಿದೆ, ರಕ್ತ ಕಮ್ಮಿ ಅಂತಾರೆ, ಕುರಿ ರಕ್ತ ಹುರಿದು ತಿಂದರೆ ಏರುತ್ತದಾ?" ಮಳೆ ಶುರುವಾದರೆ ಕರಾವಳಿ, ಮಲೆನಾಡಿನವರ ಸರದಿ. ಏಡಿ, ಒಣಮೀನು, ಚಗಳಿ (ಕೆಂಪಿರುವೆ) ಚಟ್ನಿ. ಕೈಲ್ ಪೊಳ್ದ್ ಬಂದಾಗ ಕೊಡಗಿನವರು ಪಂದಿಕರಿ ಕೇಳುತ್ತಾರೆ.

ಆಸ್ಪತ್ರೆಯ ಡಯಟ್ ಚೀಟಿಯಲ್ಲಿ ಸಾಮಾನ್ಯವಾಗಿ ಚಿಕನ್ ಎರಡು ಪೀಸ್, ಮೀನು ಒಂದು ಪೀಸ್ ಅಂತ ಇರುತ್ತದೆ. ಬೋಟಿಯ ಬಗ್ಗೆ ಸೊಲ್ಲೇ ಇರುವುದಿಲ್ಲ. ಕೇಳಲು ಕೆಲವರಿಗೆ ಸಂಕೋಚ. ಹಾಗಾಗಿ ಒಬ್ಬರು ಕೇಳದೆ ತಿಂದು ಒದ್ದಾಡುತ್ತಾರೆ. ಇನ್ನೊಬ್ಬರು ಹೆದರಿ ಎಲ್ಲ ಬಿಟ್ಟು ಸೊರಗಿ ಹೋಗುತ್ತಾರೆ. ಎರಡೂ ತಪ್ಪೇ.

ನಾನು ಡಾಕ್ಟರ್ ಅಲ್ಲ. ಮನೆಯಲ್ಲಿ ಕಿಡ್ನಿ ಕಾಯಿಲೆಯವರಿಗೆ ಹಲವು ವರ್ಷ ಅಡುಗೆ ಮಾಡಿ, ಡಯಟೀಶಿಯನ್‌ಗಳ ತಲೆ ತಿಂದು ಕಲಿತದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅವರ ಮಾತೇ ಕೊನೆ. ನನ್ನ ಮಾತು ಇಷ್ಟೇ: ಯಾವ ಪ್ರಾಣಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದರ ಯಾವ ಭಾಗ, ಎಷ್ಟು, ಯಾವ ಸಾರಿನಲ್ಲಿ ಬೆಂದಿದೆ ಅನ್ನುವುದನ್ನು ನೋಡಿ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ

ಮೀನಿನ ಪಿತ್ತಕೋಶ ನುಂಗಬೇಡಿ. ಹಸಿಯೂ ಬೇಡ, ಬೇಯಿಸಿದ್ದೂ ಬೇಡ.

ರೋಹು, ಕಾಟ್ಲಾ, ಗೆಂಡೆಯಂಥ ಮೀನು ಕೊಯ್ಯುವಾಗ ಹಸಿರು ಬಣ್ಣದ ಒಂದು ಸಣ್ಣ ಚೀಲ ಸಿಗುತ್ತದೆ. ಅದನ್ನು ನುಂಗಿದರೆ ಸಕ್ಕರೆ ಕಾಯಿಲೆ, ಮಂಡಿನೋವು ಹೋಗುತ್ತದೆ ಅಂತ ಹೇಳುವವರು ಇದ್ದಾರೆ. ಈ ಜಾತಿಯ ಮೀನುಗಳ ಪಿತ್ತದಲ್ಲಿ ಸಿಪ್ರಿನಾಲ್ ಸಲ್ಫೇಟ್ ಅನ್ನುವ ವಿಷ ಇದೆ. ಅದು ನೇರವಾಗಿ ಕಿಡ್ನಿ ಮತ್ತು ಲಿವರ್ ಮೇಲೆ ಬೀಳುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ನುಂಗಿದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಶುರುವಾಗುತ್ತದೆ. ಅದು ನಿಂತಿತು ಅಂತ ಸಮಾಧಾನ ಪಟ್ಟುಕೊಳ್ಳುವ ಹೊತ್ತಿಗೆ, ಎರಡು ಮೂರು ದಿನದಲ್ಲಿ, ಮೂತ್ರ ಕಮ್ಮಿಯಾಗುತ್ತದೆ. ಕಿಡ್ನಿ ಚೆನ್ನಾಗಿದ್ದವರೂ ಹೀಗೆ ಡಯಾಲಿಸಿಸ್‌ಗೆ ಹೋದ ಪ್ರಕರಣಗಳು ನಮ್ಮ ದೇಶದಲ್ಲೇ ಬೇಕಾದಷ್ಟು ದಾಖಲಾಗಿವೆ. ಈಗಾಗಲೇ ಸೊರಗಿದ ಕಿಡ್ನಿಯ ಗತಿ ಏನು, ನೀವೇ ಯೋಚಿಸಿ.

ಯಾರಾದರೂ ನುಂಗಿಬಿಟ್ಟಿದ್ದರೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಮೀನಿನ ಪಿತ್ತ ತಿಂದಿದ್ದಾರೆ ಅಂತ ಬಾಯಿಬಿಟ್ಟು ಹೇಳಿ. ಇದನ್ನು ಮುಚ್ಚಿಟ್ಟರೆ ಬರೀ ವಾಂತಿ ಭೇದಿ ಅಂತ ತಿಳಿದು ಮನೆಗೆ ಕಳಿಸುವ ಸಾಧ್ಯತೆ ಇದೆ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ಇತ್ತೀಚಿನ ರಕ್ತ ಪರೀಕ್ಷೆಯ ರಿಪೋರ್ಟ್ (ತಿಂಗಳುಗಟ್ಟಲೆ ಹಳೆಯದಾದರೆ ಪ್ರಯೋಜನವಿಲ್ಲ), ಅಡುಗೆಮನೆಯ ಸಣ್ಣ ತೂಕದ ಯಂತ್ರ, ಒಂದು ಟೀ ಚಮಚ, ಒಂದು ನೋಟ್‌ಬುಕ್. ತೂಕದ ಯಂತ್ರ ಯಾಕೆ ಬೇಕು ಅಂತ ಮೂಗು ಮುರಿಯಬೇಡಿ. "ನಾಲ್ಕು ತುಂಡು" ಅಂದರೆ ಒಬ್ಬ ಕಟುಕರ ಕತ್ತಿಯಲ್ಲಿ 80 ಗ್ರಾಂ, ಇನ್ನೊಬ್ಬರದರಲ್ಲಿ 200 ಗ್ರಾಂ.

ಹಂತ 1: ನೀವು ಎಲ್ಲಿದ್ದೀರಿ, ಗೊತ್ತುಮಾಡಿಕೊಳ್ಳಿ

ರಿಪೋರ್ಟ್‌ನಲ್ಲಿ ಇಜಿಎಫ್‌ಆರ್ ಅಂತ ಒಂದು ಅಂಕಿ ಇರುತ್ತದೆ. ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಸೋಸುತ್ತಿದೆ ಅನ್ನುವ ಅಂದಾಜು ಅದು. 60ಕ್ಕಿಂತ ಕೆಳಗೆ ಮೂರು ತಿಂಗಳಾದರೂ ನಿಂತಿದ್ದರೆ ಕಾಯಿಲೆಯ ಮೂರನೇ ಹಂತದ ಲೆಕ್ಕ. 30ಕ್ಕಿಂತ ಕೆಳಗೆ ನಾಲ್ಕನೇ ಹಂತ, 15ಕ್ಕಿಂತ ಕೆಳಗೆ ಐದನೇ ಹಂತ.

ಅದರ ಜೊತೆ ಇನ್ನು ಮೂರು ಸಾಲು ಹುಡುಕಿ.

ಪೊಟ್ಯಾಸಿಯಂ: ಇದು ಹೃದಯದ ಬಡಿತಕ್ಕೆ ಬೇಕಾದ ಲವಣ. ಸಾಮಾನ್ಯವಾಗಿ 3.5ರಿಂದ 5 ಇರಬೇಕು. ಕಿಡ್ನಿ ಸೋತರೆ ರಕ್ತದಲ್ಲಿ ಉಳಿದುಕೊಳ್ಳುತ್ತದೆ. 6 ದಾಟಿದರೆ ಹೃದಯಕ್ಕೇ ಅಪಾಯ.

ಫಾಸ್ಫರಸ್: ಶಾಲೆಯಲ್ಲಿ ಓದಿದ ರಂಜಕವೇ ಇದು. ರಕ್ತದಲ್ಲಿ ಜಾಸ್ತಿಯಾದರೆ ಮೈ ತುರಿಸುತ್ತದೆ, ಮೂಳೆ ಟೊಳ್ಳಾಗುತ್ತದೆ, ರಕ್ತನಾಳಗಳು ಗಟ್ಟಿಯಾಗುತ್ತವೆ. ಮಾಂಸ, ಮೀನು, ಹಾಲು ಎಲ್ಲದರಲ್ಲೂ ಇದೆ.

ಯೂರಿಕ್ ಆಸಿಡ್: ಇದು ಏರಿದರೆ ಹೆಬ್ಬೆರಳು ಊದಿ ಚೀರುವಷ್ಟು ನೋವು ಬರಬಹುದು. ಅಂಗಾಂಗ ಮಾಂಸ ಮತ್ತು ಬೂತಾಯಿ, ಬಂಗುಡೆಯಂಥ ಮೀನು ಇದನ್ನು ಏರಿಸುತ್ತವೆ.

ಈ ಮೂರರಲ್ಲಿ ಯಾವುದು ನಿಮಗೆ ಜಾಸ್ತಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಪಕ್ಕದ ಮನೆಯವರು ಡಯಾಲಿಸಿಸ್‌ನಲ್ಲಿದ್ದೂ ಏಡಿ ತಿನ್ನುತ್ತಾರೆ ಅಂದರೆ ನಿಮಗೂ ಸರಿ ಅಂತ ಅಲ್ಲ. ಅವರ ಪೊಟ್ಯಾಸಿಯಂ ಎಷ್ಟಿದೆಯೋ ಯಾರಿಗೆ ಗೊತ್ತು?

ಈ ಹಂತದಲ್ಲಿ ಜನ ಎಡವುವುದು ಒಂದು ಕಡೆ. ಹಿಂದಿನ ರಾತ್ರಿ ಗಡದ್ದಾಗಿ ಮಟನ್ ಊಟ ಮಾಡಿ ಬೆಳಿಗ್ಗೆ ರಕ್ತ ಕೊಡುತ್ತಾರೆ. ಬೇಯಿಸಿದ ಮಾಂಸ ತಿಂದ ಕೆಲವು ಗಂಟೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಸುಮ್ನೆ ಏರಿರುತ್ತದೆ. ಆಮೇಲೆ ಕಿಡ್ನಿ ಇನ್ನೂ ಹಾಳಾಯಿತು ಅಂತ ಮನೆ ಮಂದಿಯೆಲ್ಲ ಗಾಬರಿ. ಪರೀಕ್ಷೆಗೆ ಮುಂಚಿನ 12 ಗಂಟೆ ಮಾಂಸ ಮುಟ್ಟಬೇಡಿ.

ಹಂತ 2: ಮಾಂಸದ ಲೆಕ್ಕ ಹಾಕಿ

ಡಯಾಲಿಸಿಸ್ ಶುರುವಾಗದ, ಮೂರರಿಂದ ಐದನೇ ಹಂತದವರಿಗೆ ಸಾಮಾನ್ಯವಾಗಿ ಹೇಳುವುದು ದೇಹದ ತೂಕದ ಒಂದು ಕೆಜಿಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್. ಕೆಲವರಿಗೆ ಡಾಕ್ಟರ್ ಇನ್ನೂ ಇಳಿಸಿರುತ್ತಾರೆ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಇದು ತಿರುವುಮುರುವು. ಅಲ್ಲಿ ಪ್ರೋಟೀನ್ ಹೊರಗೆ ಹರಿದು ಹೋಗುವುದರಿಂದ 1ರಿಂದ 1.2 ಗ್ರಾಂ ಬೇಕು. ಡಯಾಲಿಸಿಸ್ ಶುರುವಾದ ಮೇಲೂ ಹಳೆಯ ಚೀಟಿ ಹಿಡಿದುಕೊಂಡು ಮಾಂಸ, ಮೊಟ್ಟೆ ಬಿಟ್ಟು ಕೂತವರು ಎಷ್ಟೋ ಜನ.

60 ಕೆಜಿ ತೂಕದ, ಡಯಾಲಿಸಿಸ್ ಇಲ್ಲದ ಒಬ್ಬರ ಲೆಕ್ಕ ನೋಡೋಣ. ದಿನಕ್ಕೆ 48 ಗ್ರಾಂ ಪ್ರೋಟೀನ್. ಅನ್ನ, ಒಂದು ಮುದ್ದೆ, ಸ್ವಲ್ಪ ಬೇಳೆ, ಒಂದು ಬಟ್ಟಲು ಮೊಸರು ಇಷ್ಟರಲ್ಲೇ ಸುಮಾರು 30 ಗ್ರಾಂ ಆಗಿಹೋಗುತ್ತದೆ. ಉಳಿದದ್ದು 18 ಗ್ರಾಂ. ಹಸಿ ಮಾಂಸದಲ್ಲಿ 100 ಗ್ರಾಮಿಗೆ ಹೆಚ್ಚುಕಮ್ಮಿ 20 ಗ್ರಾಂ ಪ್ರೋಟೀನ್ ಇರುತ್ತದೆ. ಅಂದರೆ ಮೂಳೆ ಇಲ್ಲದ ಹಸಿ ಮಾಂಸ 90 ಗ್ರಾಂ. ಮೂಳೆ ಸಮೇತ ಅಂದರೆ 120ರ ಆಸುಪಾಸು. ಆ ದಿನ ಬೇಳೆ ಬಿಟ್ಟರೆ ಇನ್ನೊಂದು ತುಂಡಿಗೆ ಜಾಗ ಸಿಗುತ್ತದೆ.

ಇದು ಇಡೀ ದಿನದ ಲೆಕ್ಕ, ನೆನಪಿರಲಿ. ಬೆಳಿಗ್ಗೆ ಕಾಲು ಸೂಪು, ಮಧ್ಯಾಹ್ನ ಬಿರಿಯಾನಿ, ರಾತ್ರಿ ಉಳಿದ ಸಾರು ಅಂದರೆ ಮೂರು ದಿನದ ಪಾಲು ಒಂದೇ ದಿನಕ್ಕೆ ಮುಗಿಯುತ್ತದೆ. ಹಬ್ಬದಲ್ಲಿ ಆಗುವುದೇ ಇದು.

ಹಂತ 3: ಯಾವ ಭಾಗ ಅಂತ ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಿಮ್ಮ ಪ್ರಶ್ನೆಗಳೆಲ್ಲ ಇರುವುದೇ ಇಲ್ಲಿ.

ಬೋಟಿ. ಕೇಳಿದರೆ ಆಶ್ಚರ್ಯವಾಗಬಹುದು, ಜಠರದ ಭಾಗದಲ್ಲಿ ಮಾಂಸಖಂಡಕ್ಕಿಂತ ಫಾಸ್ಫರಸ್ಸೂ ಪೊಟ್ಯಾಸಿಯಮ್ಮೂ ಎಷ್ಟೋ ಕಮ್ಮಿ. ಪ್ರೋಟೀನ್ ಕೂಡ ಕಮ್ಮಿ, 100 ಗ್ರಾಮಿಗೆ 12 ಗ್ರಾಂ ಲೆಕ್ಕ. ಹಾಗಾಗಿ ಬೋಟಿ ಅಂದ ಕೂಡಲೇ ಕಣ್ಣು ಕೆಂಪಗೆ ಮಾಡಬೇಕಿಲ್ಲ. ತೊಂದರೆ ಮೂರು ಕಡೆ ಇದೆ. ಬೋಟಿ ಅಂತ ಕೊಡುವಾಗ ಅಂಗಡಿಯವರು ಲಿವರ್, ಗುಂಡಿಗೆ, ಶ್ವಾಸಕೋಶ ಎಲ್ಲ ಸೇರಿಸಿ ಕೊಡುತ್ತಾರೆ. ಬರೀ ಜಠರ ಮತ್ತು ಕರುಳು ಕೊಡಿ ಅಂತ ಕೇಳಿ. ಎರಡನೆಯದು ಶುಚಿ. ಸುಣ್ಣ, ಅರಿಶಿನ ಹಾಕಿ ಉಜ್ಜಿ ಬಿಸಿನೀರಲ್ಲಿ ಮೂರು ನಾಲ್ಕು ಸಲ ತೊಳೆಯುವ ಹಳೆಯ ಪದ್ಧತಿ ಬಿಡಬೇಡಿ, ಆದರೆ ಸುಣ್ಣ ಪೂರ್ತಿ ಹೋಗುವಂತೆ ತೊಳೆಯಿರಿ. ಮೂರನೆಯದು ಬೋಟಿ ಗೊಜ್ಜಿಗೆ ಬೀಳುವ ಉಪ್ಪು. ವಾಸನೆ ಮುಚ್ಚಲು ಉಪ್ಪು, ಖಾರ ಎರಡೂ ಜೋರಾಗಿಯೇ ಹಾಕುತ್ತಾರೆ.

ಲಿವರ್. ಇದರ ಬಗ್ಗೆ ನಾನು ಕಟ್ಟುನಿಟ್ಟು. ಫಾಸ್ಫರಸ್ ಮಾಂಸದ ಸುಮಾರು ಎರಡರಷ್ಟು. ಅದಕ್ಕಿಂತ ದೊಡ್ಡ ಸಮಸ್ಯೆ ವಿಟಮಿನ್ ಎ. ಕಿಡ್ನಿ ಕಾಯಿಲೆಯಲ್ಲಿ ವಿಟಮಿನ್ ಎ ದೇಹದಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ದೊಡ್ಡವರಿಗೆ ದಿನದ ಗರಿಷ್ಠ ಮಿತಿ 3000 ಮೈಕ್ರೋಗ್ರಾಂ. ಕುರಿ ಲಿವರ್ 100 ಗ್ರಾಂ ತಿಂದರೆ ಅದರ ಎರಡು ಪಟ್ಟು ದಾಟಬಹುದು. ರಕ್ತ ಏರಲಿ ಅಂತ ವಾರ ವಾರ ಲಿವರ್ ಫ್ರೈ ಮಾಡಿಕೊಡುವುದನ್ನು ನಿಲ್ಲಿಸಿ. ವರ್ಷಕ್ಕೆ ಒಂದೆರಡು ಸಲ ಬಾಯಿರುಚಿಗೆ ಒಂದು ಚೂರು ಬೇರೆ ಮಾತು.

ರಕ್ತದ ಪಲ್ಯ. ರಕ್ತ ತಿಂದರೆ ರಕ್ತ ಏರುತ್ತದೆ ಅನ್ನುವ ಲೆಕ್ಕ ಕೇಳಲು ಚೆನ್ನಾಗಿದೆ. ಆದರೆ ಕಿಡ್ನಿ ಕಾಯಿಲೆಯಲ್ಲಿ ರಕ್ತ ಕಮ್ಮಿಯಾಗುವುದಕ್ಕೆ ಮುಖ್ಯ ಕಾರಣ ಬೇರೆ. ಎರಿತ್ರೋಪೊಯೆಟಿನ್ ಅನ್ನುವ ಹಾರ್ಮೋನನ್ನು ಕಿಡ್ನಿಯೇ ಮಾಡಬೇಕು. ಮೂಳೆಯ ಮಜ್ಜೆಗೆ "ರಕ್ತ ತಯಾರಿಸು" ಅಂತ ಹೇಳುವುದು ಅದು. ಕಿಡ್ನಿ ಸೋತಾಗ ಆ ಹಾರ್ಮೋನೇ ಸಾಕಾಗುವುದಿಲ್ಲ. ಅದಕ್ಕೇ ಡಾಕ್ಟರ್ ಇಂಜೆಕ್ಷನ್ ಕೊಡುವುದು. ಬಾಣಲೆಯ ರಕ್ತ ಆ ಇಂಜೆಕ್ಷನ್ನಿನ ಜಾಗ ತುಂಬುವುದಿಲ್ಲ. ಕಬ್ಬಿಣದ ಅಂಶ ಇರುವುದು ನಿಜ. ಎರಡು ಚಮಚ ತಿಂದರೆ ಹಾನಿ ಇಲ್ಲ. ಆದರೆ ರಕ್ತ ಬೇಗ ಕೆಡುವ ವಸ್ತು. ಕಡಿದ ಕೂಡಲೇ ಶುಚಿಯಾದ ಪಾತ್ರೆಯಲ್ಲಿ ಹಿಡಿದದ್ದಾಗಿರಬೇಕು, ಪೂರ್ತಿ ಬೆಂದಿರಬೇಕು.

ಕಿಡ್ನಿ, ಅಂದರೆ ಕುರಿಯ ಗುರ್ದಾ. "ಕಿಡ್ನಿ ತಿಂದರೆ ಕಿಡ್ನಿಗೆ ಬಲ" ಅಂತ ತಂದುಕೊಡುವ ನೆಂಟರು ಎಲ್ಲ ಊರಲ್ಲೂ ಇದ್ದಾರೆ. ಪ್ರೀತಿ ಸರಿ, ಲೆಕ್ಕ ತಪ್ಪು. ಯೂರಿಕ್ ಆಸಿಡ್ ಏರಿಸುವ ಪದಾರ್ಥಗಳಲ್ಲಿ ಇದು ಮುಂದಿನ ಸಾಲಿನದು. ಪ್ರಾಣಿಯ ದೇಹಕ್ಕೆ ಸೇರಿದ ಕ್ಯಾಡ್ಮಿಯಂನಂಥ ವಿಷದ ಲೋಹವೂ ಕಿಡ್ನಿಯಲ್ಲೇ ಜಮಾ ಆಗುವುದು. ನಿಮ್ಮ ಕಿಡ್ನಿಗೂ ಅದು ಒಳ್ಳೆಯದಲ್ಲ. ಬಿಡಿ.

ಭೇಜಾ. ಫಾಸ್ಫರಸ್, ಕೊಲೆಸ್ಟ್ರಾಲ್, ಯೂರಿಕ್ ಆಸಿಡ್ ಮೂರಕ್ಕೂ ಕೆಟ್ಟದ್ದು. ತಲೆಮಾಂಸ ಮಾಡಿದಾಗ ಕೆನ್ನೆಯ ಮಾಂಸ ತಿನ್ನಿ, ಭೇಜಾ ಮಕ್ಕಳಿಗೆ ಬಿಡಿ.

ಕಾಲು ಸೂಪು. ಮಂಡಿನೋವಿಗೆ, ನಿಶ್ಶಕ್ತಿಗೆ ಎಲ್ಲದಕ್ಕೂ ಇದೇ ಮದ್ದು ಅಂತ ನಂಬಿಕೆ. ಕಿಡ್ನಿ ರೋಗಿಗೆ ಇದರಲ್ಲಿ ತೊಡಕಿನ ಮೇಲೆ ತೊಡಕು. ಗಂಟೆಗಟ್ಟಲೆ ಕುದಿಸಿದಾಗ ಮಾಂಸ ಮತ್ತು ಮಸಾಲೆಯ ಪೊಟ್ಯಾಸಿಯಂ ನೀರಿಗೆ ಇಳಿಯುತ್ತದೆ. ಉಪ್ಪು ಬೇರೆ. ಜೊತೆಗೆ ಒಂದು ಬಟ್ಟಲು ಸೂಪು ಅಂದರೆ 250 ಮಿಲೀ ನೀರು. ದಿನಕ್ಕೆ ಒಂದು ಲೀಟರ್ ಮಾತ್ರ ಅಂತ ಹೇಳಿಸಿಕೊಂಡವರಿಗೆ ಅದು ಕಾಲು ಭಾಗ. ಸೂಪಿನ ಪ್ರೋಟೀನ್ ಕೂಡ ಅಂಥ ಉತ್ತಮದ್ದಲ್ಲ, ದೇಹಕ್ಕೆ ಬೇಕಾದ ಕೆಲವು ಅಂಶ ಅದರಲ್ಲಿ ಇಲ್ಲ. ಆಸೆ ತಡೆಯದಿದ್ದರೆ ಅರ್ಧ ಬಟ್ಟಲು, ಉಪ್ಪು ಹಾಕುವ ಮುಂಚೆ ಬೇರೆ ತೆಗೆದದ್ದು. ನಲ್ಲಿ ಮೂಳೆ ಒಂದು ಹೀರಿದರೆ ಆಕಾಶ ಕಳಚಿ ಬೀಳುವುದಿಲ್ಲ, ಒಳಗಿರುವುದು ಹೆಚ್ಚಾಗಿ ಕೊಬ್ಬು. ಆದರೆ ಮೆತ್ತಗೆ ಬೆಂದ ಮೂಳೆಯನ್ನು ಕಡಿದು ಅಗಿದು ನುಂಗುವ ಅಭ್ಯಾಸ ಬಿಡಿ. ಮೂಳೆ ಅಂದರೆ ಫಾಸ್ಫರಸ್ಸಿನ ಗಣಿ. ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿಗೂ ಇದೇ ಮಾತು.

ಏಡಿ, ಸಿಗಡಿ, ಚಿಪ್ಪು. ಸಮುದ್ರದ ಏಡಿಯ ಮಾಂಸದಲ್ಲೇ ಉಪ್ಪಿನ ಅಂಶ ಕುರಿ ಮಾಂಸದ ಮೂರು ಪಟ್ಟಿಗಿಂತ ಜಾಸ್ತಿ, ನೀವು ಇನ್ನೂ ಉಪ್ಪು ಹಾಕುವ ಮುಂಚೆಯೇ. ಮರುವಾಯಿ, ಬಳಚು, ನೀಲಿಕಲ್ಲು ಇವುಗಳಿಗೂ ಹಾಗೇ. ಪ್ರೋಟೀನ್ ಒಳ್ಳೆಯದೇ. ಸಾರಿಗೆ ಉಪ್ಪು ಹಾಕದೆ ಬೇಯಿಸಿ ಹುಳಿಯಲ್ಲಿ ರುಚಿ ತಂದರೆ ಎರಡು ಮೂರು ವಾರಕ್ಕೊಮ್ಮೆ ಒಂದು ಸಣ್ಣ ಏಡಿ ನಡೆಯುತ್ತದೆ. ಚಿಪ್ಪಿನೊಳಗಿನ ಕಂದು ಬಣ್ಣದ ಮೆತ್ತನೆಯ ಭಾಗ ಬಿಟ್ಟು ಬಿಳಿ ಮಾಂಸ ತಿನ್ನಿ, ಕ್ಯಾಡ್ಮಿಯಂ ಸೇರುವುದು ಆ ಕಂದು ಭಾಗದಲ್ಲಿ. ಬಾಯಿ ತೆರೆಯದ ಚಿಪ್ಪು ಎಸೆಯಿರಿ. ಗದ್ದೆ ಏಡಿಯನ್ನು ಅರೆಬೆಂದದ್ದು ತಿನ್ನಬೇಡಿ, ಅದರಲ್ಲಿ ಶ್ವಾಸಕೋಶಕ್ಕೆ ಹೋಗುವ ಹುಳು ಇರಬಹುದು.

ಒಣಮೀನು. ಕರಾವಳಿಯವರಿಗೆ ಬೇಸರವಾದರೂ ಹೇಳಲೇಬೇಕು. ಉಪ್ಪು ಹಾಕಿ ಒಣಗಿಸಿದ ಮೀನು ನಿಮ್ಮ ಊಟವಲ್ಲ. ನೀರಲ್ಲಿ ನೆನೆಸಿ ತೆಗೆದರೂ ಉಳಿಯುವ ಉಪ್ಪು ಜಾಸ್ತಿಯೇ. ಉಪ್ಪಿಲ್ಲದೆ ಒಣಗಿಸಿದ ಸಿಗಡಿ ಪುಡಿ ಸಿಕ್ಕರೆ ಒಂದು ಚಮಚ ಚಟ್ನಿಗೆ ಸಾಕು. ಕೊಳ್ಳುವಾಗ ನಾಲಿಗೆಗೆ ಒಂದು ಚೂರು ಹಚ್ಚಿ ನೋಡಿ. ಉಪ್ಪಿಲ್ಲ ಅಂತ ಮಾರುವವರ ಮಾತು ನಂಬಬೇಡಿ.

ಹಂದಿ. ಪಂದಿಕರಿಗೆ ಹಾಕುವ ಕಾಚಂಪುಳಿಯ ಹುಳಿ ಉಪ್ಪು ಕಮ್ಮಿ ಮಾಡಲು ಸಹಾಯಕ್ಕೆ ಬರುತ್ತದೆ, ಅದೊಂದು ಅನುಕೂಲ. ಕೊಬ್ಬಿನ ತುಂಡು ಬಿಟ್ಟು ಖಂಡ ಆರಿಸಿಕೊಳ್ಳಿ. ಒಳಗೆ ಗುಲಾಬಿ ಬಣ್ಣ ಒಂದಿಷ್ಟೂ ಉಳಿಯದಂತೆ ಬೇಯಲಿ.

ಕೌಜುಗ, ಟರ್ಕಿ, ಬಾತು, ಸಾಕಿದ ಮೊಲ. ಇವನ್ನೆಲ್ಲ ಚಿಕನ್ ಲೆಕ್ಕದಲ್ಲೇ ಇಟ್ಟುಕೊಳ್ಳಿ. ಕೌಜುಗದ ಮೊಟ್ಟೆ ಕಿಡ್ನಿ ಕಾಯಿಲೆ ವಾಸಿ ಮಾಡುತ್ತದೆ ಅಂತ ವಾಟ್ಸಾಪ್‌ನಲ್ಲಿ ತಿರುಗುವುದು ಸುಳ್ಳು. ಐದು ಕೌಜುಗದ ಮೊಟ್ಟೆ ಅಂದರೆ ಹೆಚ್ಚುಕಮ್ಮಿ ಒಂದು ಕೋಳಿಮೊಟ್ಟೆ, ಫಾಸ್ಫರಸ್ಸೂ ಅಷ್ಟೇ. ಫಾಸ್ಫರಸ್ ಜಾಸ್ತಿ ಇದ್ದವರಿಗೆ ನಿಜವಾಗಿ ಕೆಲಸಕ್ಕೆ ಬರುವುದು ಕೋಳಿಮೊಟ್ಟೆಯ ಬಿಳಿ. ಇಡೀ ಮೊಟ್ಟೆಯಲ್ಲಿ ಸುಮಾರು 100 ಮಿಲಿಗ್ರಾಂ ಫಾಸ್ಫರಸ್ ಇದ್ದರೆ ಬರೀ ಬಿಳಿಯಲ್ಲಿ ಸುಮಾರು 5 ಮಿಲಿಗ್ರಾಂ. ಪ್ರೋಟೀನ್ ಮಾತ್ರ ಅರ್ಧಕ್ಕಿಂತ ಜಾಸ್ತಿ ಬಿಳಿಯಲ್ಲೇ ಇದೆ.

ಚಗಳಿ ಮತ್ತು ಈಸಲು. ಮರದ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆಯ ಚಟ್ನಿ ಮಲೆನಾಡಿನದು. ಒಡಿಶಾದ ಮಯೂರ್‌ಭಂಜ್‌ನ ಇದೇ ಇರುವೆ ಚಟ್ನಿಗೆ 2024ರಲ್ಲಿ ಜಿಐ ಮಾನ್ಯತೆ (ಆ ಊರಿನದೇ ವಿಶೇಷ ಅನ್ನುವ ಸರ್ಕಾರದ ಗುರುತು) ಬಂದ ಮೇಲೆ ಪೇಟೆಯವರಿಗೂ ಕುತೂಹಲ ಹುಟ್ಟಿದೆ. ಒಂದು ಚಮಚ ಚಟ್ನಿಯಲ್ಲಿ ಇರುವೆ ಎಷ್ಟಿರುತ್ತದೆ ಹೇಳಿ? ಅದರಿಂದ ಪ್ರೋಟೀನ್ ಲೆಕ್ಕ ತಪ್ಪುವುದಿಲ್ಲ. ನೋಡಬೇಕಾದ್ದು ಉಪ್ಪು. ಇನ್ನೊಂದು, ಸಿಗಡಿ ಏಡಿ ತಿಂದರೆ ಮೈಮೇಲೆ ದದ್ದು ಏಳುವವರಿಗೆ ಇರುವೆ, ಈಸಲು ಹುಳು ತಿಂದರೂ ಹಾಗೇ ಆಗಬಹುದು. ಅಲರ್ಜಿ ಮಾಡುವ ಪದಾರ್ಥ ಎರಡರಲ್ಲೂ ಒಂದೇ ಥರದ್ದು. ಔಷಧಿ ಹೊಡೆದ ತೋಟದ ಗೂಡು ತರಬೇಡಿ. ಮಳೆ ಬಿದ್ದಾಗ ಹುತ್ತದಿಂದ ಏಳುವ ಈಸಲನ್ನು ಹುರಿದು ಬಟ್ಟಲುಗಟ್ಟಲೆ ತಿನ್ನುವ ರೂಢಿ ಇದ್ದರೆ ಒಂದು ಹಿಡಿಗೆ ನಿಲ್ಲಿಸಿ.

ಸಸ್ಯಾಹಾರಿಗಳೂ ಒಂದು ಪ್ರಶ್ನೆ ಕೇಳುತ್ತಾರೆ: ಗಿಣ್ಣು. ಹಸು ಕರು ಹಾಕಿದ ಮೊದಲ ದಿನದ ಹಾಲಿನಲ್ಲಿ ಪ್ರೋಟೀನ್ ಮಾಮೂಲಿ ಹಾಲಿನ ನಾಲ್ಕು ಪಟ್ಟು ಇರಬಹುದು. ಅದಕ್ಕೆ ಬೆಲ್ಲ ಸೇರಿದರೆ ಪೊಟ್ಯಾಸಿಯಮ್ಮೂ ಬಂತು. ಎರಡು ಬೆರಳಗಲದ ಒಂದು ತುಂಡು, ಆ ಹೊತ್ತಿನ ಮೊಸರು ಬಿಟ್ಟು. ಬೀದಿಯಲ್ಲಿ ಮಾರಲು ಬರುವ ಕತ್ತೆ ಹಾಲಿನಲ್ಲಿ ಪ್ರೋಟೀನ್, ಫಾಸ್ಫರಸ್ ಎರಡೂ ಹಸುವಿನ ಹಾಲಿನ ಅರ್ಧದಷ್ಟು. ಆದರೆ ಅದನ್ನು ಹಸಿಯಾಗಿಯೇ ಕುಡಿಸುತ್ತಾರೆ, ಅಲ್ಲೇ ಅಪಾಯ. ಅಷ್ಟು ದುಡ್ಡು ಕೊಟ್ಟು ಔಷಧಿ ಅಂತ ಕುಡಿಯುವಂಥದ್ದೇನೂ ಅದರಲ್ಲಿಲ್ಲ.

ಇನ್ನು ಕಾಡುಪ್ರಾಣಿ. ಉಡ, ಆಮೆ, ಕಾಡುಹಂದಿ, ಕಾಡುಮೊಲ, ಜಿಂಕೆ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಬದಿಗಿಟ್ಟರೂ ನಿಮಗೆ ಬೇರೆಯದೇ ಕಾರಣ ಇದೆ. ಕೋವಿಯಿಂದ ಹೊಡೆದ ಮಾಂಸದಲ್ಲಿ ಸೀಸದ ಪುಡಿ ಕಣ್ಣಿಗೆ ಕಾಣದಂತೆ ಹರಡಿರುತ್ತದೆ. ಸೀಸ ಕಿಡ್ನಿ ಕೆಡಿಸುವ ಲೋಹ. ಯಾರೋ ಪ್ರೀತಿಯಿಂದ ಡಬ್ಬಿಯಲ್ಲಿ ತಂದುಕೊಟ್ಟರೂ ಬೇಡ ಅನ್ನಿ.

ಹಂತ 4: ಬೇಯಿಸುವ ರೀತಿ ಬದಲಿಸಿ

1. ಮಾಂಸವನ್ನು ಸಣ್ಣ ತುಂಡು ಮಾಡಿ. ದೊಡ್ಡ ಪಾತ್ರೆಯಲ್ಲಿ ಬೇಕಾದಷ್ಟು ನೀರಿಟ್ಟು, ಉಪ್ಪು ಹಾಕದೆ, 10ರಿಂದ 20 ನಿಮಿಷ ಕುದಿಸಿ.

2. ಆ ನೀರು ಚೆಲ್ಲಿ. ಪೊಟ್ಯಾಸಿಯಮ್ಮೂ ಒಂದಿಷ್ಟು ಫಾಸ್ಫರಸ್ಸೂ ಅದರ ಜೊತೆ ಹೋಗುತ್ತದೆ. ಪ್ರೋಟೀನ್ ಹೆಚ್ಚಿನದು ಉಳಿಯುತ್ತದೆ. "ಸತ್ವವೆಲ್ಲ ಹೋಯಿತಲ್ಲ" ಅಂತ ಅಜ್ಜಿಯರು ಗೊಣಗುತ್ತಾರೆ. ಹೋಗಲಿ ಅಂತಲೇ ಚೆಲ್ಲುವುದು.

3. ಆಮೇಲೆ ಮಸಾಲೆ. ಕೊಬ್ಬರಿ, ಗಸಗಸೆ, ಗೋಡಂಬಿ, ಟೊಮೆಟೊ ಇವೇ ಸಾರಿನ ಜೀವ, ಇವೇ ನಿಮ್ಮ ಶತ್ರು. ಅರ್ಧಕ್ಕಿಳಿಸಿ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಮೆಣಸು, ಚಕ್ಕೆ, ಲವಂಗ ಹಾಕಿ ಸಾರಿಲ್ಲದೆ ಒಣ ಫ್ರೈ ಮಾಡಿದರೆ ಒಳ್ಳೆಯದು. ನಿಂಬೆರಸ ಕೊನೆಗೆ, ಕೆಲವು ಹನಿ.

4. ಉಪ್ಪು ಅಳತೆ ಮಾಡಿ. ದಿನಕ್ಕೆ ಒಟ್ಟು 5 ಗ್ರಾಮಿಗಿಂತ ಕಮ್ಮಿ, ಅಂದರೆ ತಲೆ ಸವರಿದ ಒಂದು ಟೀ ಚಮಚದ ಒಳಗೆ. ಉಪ್ಪಿನಕಾಯಿ, ಹಪ್ಪಳ ಎಲ್ಲ ಇದರಲ್ಲೇ ಬರಬೇಕು. ಎಲ್ಲರ ಸಾರೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದರೆ ಉಪ್ಪು ಹಾಕುವ ಮುಂಚೆ ಇವರದನ್ನು ಬೇರೆ ತೆಗೆಯಿರಿ.

ಇಲ್ಲಿ ಎಡವುವ ಜಾಗಗಳು ಎರಡು. ಒಂದು, ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು. ಬಿಪಿ ಇರುವವರಿಗೆ ಒಳ್ಳೆಯದು ಅಂತ ಮಾರುತ್ತಾರೆ. ಸೋಡಿಯಂ ತೆಗೆದ ಜಾಗಕ್ಕೆ ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತಾರೆ. ಕಿಡ್ನಿ ಕಾಯಿಲೆಯವರಿಗೆ ಇದು ಜೀವಕ್ಕೇ ಅಪಾಯ ತರುವ ಉಪ್ಪು. ಮನೆಯಲ್ಲಿದ್ದರೆ ಈಗಲೇ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆಯಿರಿ.

ಎರಡು, ಫ್ರೋಜನ್ ಮಾಲು. ಸಾಸೇಜ್, ನಗೆಟ್ಸ್, ಸಲಾಮಿ, ಕೆಲವು ಫ್ರೋಜನ್ ಸಿಗಡಿ ಮೆತ್ತಗೆ, ತೇವವಾಗಿ ಉಳಿಯಲಿ ಅಂತ ಫಾಸ್ಫೇಟ್ (ಫಾಸ್ಫರಸ್ಸಿನ ಲವಣ) ಸೇರಿಸುತ್ತಾರೆ. ಮಾಂಸದಲ್ಲಿ ತಾನಾಗಿ ಇರುವ ಫಾಸ್ಫರಸ್ಸಿನಲ್ಲಿ 40ರಿಂದ 60 ಶೇಕಡಾ ಮಾತ್ರ ಮೈಗೆ ಹತ್ತುತ್ತದೆ. ಹೀಗೆ ಸೇರಿಸಿದ್ದು ಹೆಚ್ಚುಕಮ್ಮಿ ಪೂರ್ತಿ ಹತ್ತುತ್ತದೆ. ಪ್ಯಾಕೆಟ್ ಹಿಂದೆ ಐಎನ್‌ಎಸ್ 450, 451, 452 ಅಥವಾ 338ರಿಂದ 341ರವರೆಗಿನ ಯಾವುದಾದರೂ ಸಂಖ್ಯೆ ಕಂಡರೆ ವಾಪಸ್ ಇಡಿ. ಬೋಟಿಗಿಂತ ಈ ನಗೆಟ್ಸ್ ಕೆಟ್ಟದ್ದು ಅಂತ ನನಗೆ ಅನ್ನಿಸುತ್ತದೆ.

ಕಿಡ್ನಿ ಕಸಿ ಆದವರಿಗೆ

ನಿಮ್ಮ ಲೆಕ್ಕವೇ ಬೇರೆ. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಿರಲಿ ಅಂತ ಕೊಡುವ ಮಾತ್ರೆಗಳು ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯನ್ನೂ ಇಳಿಸುತ್ತವೆ. ಇಲ್ಲಿ ಭಯ ಫಾಸ್ಫರಸ್ಸಿಗಿಂತ ಕ್ರಿಮಿಯದ್ದು. ಹಸಿ ಹಾಲು, ಅರೆಬೆಂದ ಮೊಟ್ಟೆ, ಅರೆಬೆಂದ ಚಿಪ್ಪು, ಹಸಿ ಇರುವೆ ಅರೆದ ಚಟ್ನಿ, ರಕ್ತದ ಪಲ್ಯ, ಬೆಳಿಗ್ಗೆ ಮಾಡಿ ಸಂಜೆವರೆಗೆ ಹೊರಗಿಟ್ಟ ಬೋಟಿ ಇದೆಲ್ಲ ಬೇಡ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕುಕ್ಕರ್‌ನಲ್ಲಿ ಚೆನ್ನಾಗಿ ಬೆಂದದ್ದಾದರೆ ಆ ಚಿಂತೆ ಇಲ್ಲ. ಕಸಿಯಾದ ಮೊದಲ ತಿಂಗಳುಗಳಲ್ಲಿ ಹೋಟೆಲ್ ತಲೆಮಾಂಸದ ಕಡೆ ನೋಡಲೂಬೇಡಿ.

ಹಂತ 5: ಊಟಕ್ಕೆ ಕೂತಾಗ

ಫಾಸ್ಫರಸ್ ಹಿಡಿದುಕೊಳ್ಳುವ ಮಾತ್ರೆ ಡಾಕ್ಟರ್ ಬರೆದಿದ್ದರೆ (ಸೆವೆಲಮರ್, ಕ್ಯಾಲ್ಸಿಯಂ ಅಸಿಟೇಟ್ ಅಂತ ಹೆಸರಿರುತ್ತದೆ) ಅದು ಊಟದ ಜೊತೆಗೇ ಹೋಗಬೇಕು. ಊಟದಲ್ಲಿರುವ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದು ಹೊರಗೆ ಸಾಗಿಸುವುದು ಅದರ ಕೆಲಸ. ಊಟವಾಗಿ ಎರಡು ಗಂಟೆಯಾದ ಮೇಲೆ ನುಂಗಿದರೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಬಾಡೂಟಕ್ಕೆ ಹೋಗುವಾಗ ಮಾತ್ರೆ ಜೇಬಲ್ಲಿರಲಿ.

ತುಂಡು ತಿನ್ನಿ, ಸಾರು ಬಿಡಿ. ಅನ್ನದ ಮೇಲೆ ಸಾರು ಸುರಿದುಕೊಂಡು ಕಲಸುವ ನಮ್ಮ ಅಭ್ಯಾಸಕ್ಕೆ ಇದು ಕಷ್ಟವೇ. ತುಂಡನ್ನು ಸಾರಿನಿಂದ ಎತ್ತಿ ಒಂದು ತಟ್ಟೆಗೆ ಹಾಕಿಸಿಕೊಂಡು, ಒಂದೇ ಒಂದು ಸೌಟು ಗಟ್ಟಿ ಮಸಾಲೆ ಪಕ್ಕಕ್ಕೆ ಬಡಿಸಿಕೊಳ್ಳಿ. ಮುದ್ದೆಯಾದರೆ ಸಣ್ಣದು. ರಾಗಿಯಲ್ಲೂ ಪೊಟ್ಯಾಸಿಯಂ ಇದೆ.

ಅದೇ ಹೊತ್ತಿಗೆ ಬಾಳೆಹಣ್ಣು, ಎಳನೀರು, ಕೊತ್ತಂಬರಿ ಹಾಕಿದ ದೊಡ್ಡ ಲೋಟ ಮಜ್ಜಿಗೆ ಬೇಡ.

ನೆಂಟರ ಮನೆಯಲ್ಲಿ "ಒಂದು ದಿನ ತಿಂದರೆ ಏನಾಗುತ್ತೆ ಬಿಡಿ ಮಾವ" ಅಂತ ಒತ್ತಾಯ ಮಾಡುತ್ತಾರೆ. ಅವರ ಜೊತೆ ಫಾಸ್ಫರಸ್ ಬಗ್ಗೆ ವಾದ ಮಾಡಬೇಡಿ. ಮೊದಲ ಪಂಕ್ತಿಗೆ ಕೂತು, ನಿಮ್ಮ ಪಾಲು ತಿಂದು, ಎಲೆ ಮಡಚಿ ಎದ್ದುಬಿಡಿ. ಎಲೆ ಮಡಚಿದವರಿಗೆ ಯಾರೂ ಬಡಿಸುವುದಿಲ್ಲ.

ಹಂತ 6: ತಿಂದ ಮೇಲೆ

ಏನು, ಎಷ್ಟು ಗ್ರಾಂ, ಯಾವ ದಿನ ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಹೊಸದೇನಾದರೂ ತಿಂದ ವಾರ ಇನ್ನೊಂದು ಹೊಸದು ಬೇಡ. ಆಮೇಲೆ ಅಂಕಿ ಏರಿದರೆ ಯಾವುದರಿಂದ ಅಂತ ತಿಳಿಯುವುದಿಲ್ಲ. ಮುಂದಿನ ರಕ್ತ ಪರೀಕ್ಷೆಯ ಅಂಕಿಗಳನ್ನು ಅದೇ ಪುಟದ ಪಕ್ಕ ಬರೆದಿಟ್ಟು, ಡಾಕ್ಟರ್ ಹತ್ತಿರ ಹೋಗುವಾಗ ಪುಸ್ತಕ ತೆಗೆದುಕೊಂಡು ಹೋಗಿ. "ಊಟ ಹೇಗಿದೆ" ಅಂದಾಗ "ಎಲ್ಲ ಕಂಟ್ರೋಲ್‌ನಲ್ಲಿದೆ ಸರ್" ಅನ್ನುವ ಬದಲು "ಹದಿನೈದು ದಿನಕ್ಕೊಮ್ಮೆ 80 ಗ್ರಾಂ ಬೋಟಿ ತಿನ್ನುತ್ತೇನೆ, ಮುಂದುವರಿಸಲಾ?" ಅಂತ ಕೇಳಿ. ಹಾಗೆ ಕೇಳಿದರೆ ಅವರೂ ಸರಿಯಾದ ಉತ್ತರ ಕೊಡಬಹುದು.

ಡಯಾಲಿಸಿಸ್‌ನವರು ಮರುದಿನ ಬೆಳಿಗ್ಗೆ ತೂಕ ನೋಡಿಕೊಳ್ಳಿ. ಒಂದೇ ರಾತ್ರಿಗೆ ಒಂದು ಕೆಜಿ ಏರಿದ್ದರೆ ಅದು ಮಾಂಸ ಮೈಗೆ ಹತ್ತಿದ್ದಲ್ಲ, ಉಪ್ಪು ಹಿಡಿದಿಟ್ಟ ನೀರು.

ಕೈಕಾಲು ಸೋತು ಏಳಲಾಗದಿದ್ದರೆ, ಎದೆ ಬಡಿತ ತಪ್ಪಿದಂತಾದರೆ, ಮಲಗಿದಾಗ ಉಸಿರು ಕಟ್ಟಿದರೆ, ಮೂತ್ರ ಇದ್ದಕ್ಕಿದ್ದಂತೆ ಕಮ್ಮಿಯಾದರೆ ನೋಟ್‌ಬುಕ್ ಬರೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಕಿಡ್ನಿ ರೋಗಿ ಅಂತ ಮೊದಲ ಮಾತಿನಲ್ಲೇ ಹೇಳಿ, ಇತ್ತೀಚಿನ ರಿಪೋರ್ಟ್ ಜೊತೆಗಿಟ್ಟುಕೊಂಡು ಹೊರಡಿ.